ಮನೆಯ ಕಿರುಜೀವದ ಮುಪ್ಪು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಸಮೀಪದಲ್ಲಿ, ಒಂದು ಬೂದಿಯ ದಿಬ್ಬವಿದೆ. ಯಾವನೋ ರಾಕ್ಷಸನನ್ನು ಸುಟ್ಟ ಬೂದಿಯಿದೆಂದು ಹಿಂದಿನವರು ಹೇಳುತ್ತಿದ್ದರು. ವಿದ್ವಾಂಸರ ಶೋಧನೆಯಿಂದ ತಿಳಿದುಬಂದ ಸಂಗತಿಯೇ ಬೇರೆ. ನೂತನ ಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಇಂತಹ ದಿಬ್ಬಗಳು ಬೆಳೆದುವು. ಕೃಷ್ಣಾ ತುಂಗಭದ್ರಾ ನದಿಗಳ ಸುತ್ತಲಿನ ನಾಡಿನಲ್ಲಿ ಇವು ಹಲವೆಡೆ ಕಂಡುಬರುತ್ತವೆ. ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಅಗೆಸಿದ ರೇಮಂಡ್ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳನ್ನೇ ಕಂಡರು. 1963ರಲ್ಲಿ ಈ ವಿಷಯವನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಸಗಣಿಯ ಬೂದಿಯಿಂದಾದ ವಿಭೂತಿಯನ್ನು ನಿತ್ಯವೂ ಹಣೆಗೆ ಧರಿಸುವ ನಮಗೆ ಈ ವಿಷಯ ಹೃದಯಕ್ಕೆ ಹತ್ತಿರವಾದುದು. ನಮ್ಮ ಸೀಮೆಯಲ್ಲಿ ಮನುಷ್ಯನೂ ಮೂಕಪ್ರಾಣಿಯೂ ಒಂದೇ ಬೇಲಿಯೊಳಗೆ ಬಾಳಲು ತೊಡಗಿ ನಾಲ್ಕು ಸಾವಿರ ವರ್ಷಗಳಾದರೂ ಸಂದುವೆಂಬುದಕ್ಕೆ ಆ ದಿಬ್ಬವೇ ಸಾಕ್ಷಿ.

ಇಷ್ಟು ಹಳೆಯ ಸಹವಾಸದಿಂದ ನಮ್ಮ ರೈತರು ಕಲಿತುದು ಬಹಳ. ಎತ್ತು ಸುಮ್ಮನೆ ತಲೆ ಒದರುತ್ತಿದ್ದರೆ, ಕೊಂಬನ್ನು ಗೋಡೆಗೆ ಉಜ್ಜುತ್ತಿದ್ದರೆ, ಒಂದು ಕಡೆಯ ಮೂಗಿನಿಂದ ಮಾತ್ರ ರಕ್ತವೋ ಕೀವೋ ಸುರಿಯುತ್ತಿದ್ದರೆ, ಕೊಂಬು ಸಡಿಲಗೊಂಡು ಒಂದು ಪಕ್ಕಕ್ಕೆ ವಾಲುತ್ತಿದ್ದರೆ, ಅದು ಕೊಂಬಿನ ಕ್ಯಾನ್ಸರ್ ಇರಬಹುದೆಂದು ಪಶುವೈದ್ಯರು ಸಂಶಯಪಡುತ್ತಾರೆ. ಭಾರತದ ಎತ್ತುಗಳಲ್ಲಿ ವಿಶೇಷವಾಗಿ ಕಾಣಿಸಿಕೊಳ್ಳುವ ರೋಗವಿದು. ಮೊದಲ ಹಂತದಲ್ಲಿಯೇ ಕೊಂಬನ್ನು ಬುಡಸಹಿತ ಕತ್ತರಿಸಿ ತೆಗೆದರೆ ಎತ್ತು ಬದುಕಿ ಮತ್ತೆ ನೊಗಕ್ಕೆ ಹೆಗಲು ಕೊಡಬಲ್ಲುದು. ತಡವಾದರೆ ರೋಗ ತಲೆಯೊಳಕ್ಕೆ ಇಳಿಯುತ್ತದೆ. ದಿನವೂ ಮೈದಡವಿ ಮೇವು ಹಾಕುವವನ ಕಣ್ಣಿಗೆ ಈ ಲಕ್ಷಣಗಳು ಬೇಗ ಬೀಳುತ್ತವೆ. ಹಗ್ಗ ಹಿಡಿಯುವುದಷ್ಟನ್ನೇ ಬಲ್ಲವನಿಗೆ ಕೊಂಬು ಬಿದ್ದ ಮೇಲೆ ತಿಳಿಯುತ್ತದೆ.

ಎತ್ತಿನ ವಿಷಯದಲ್ಲಿ ಈ ಎಚ್ಚರವು ಯಾರಿಗೂ ಹೊಸದಲ್ಲ. ಆದರೆ ಈಗ ನಗರಗಳಲ್ಲಿ ಕೆಲವು ಮನೆಯವರು ಮಕ್ಕಳ ಪ್ರೀತಿಗಾಗಿ ಬಿಳಿ ಇಲಿಯನ್ನು ಪಂಜರದಲ್ಲಿ ಸಾಕುವುದುಂಟು. ಅದು ಎರಡು ವರ್ಷ ಮನೆಮಂದಿಯ ಕೈಯಿಂದ ಕಾಳು ತಿಂದು ಬೆಳೆಯುತ್ತದೆ. ಆಮೇಲೆ ಒಂದು ದಿನ ಅದರ ಕಂಕುಳಲ್ಲಿಯೋ ಪಕ್ಕೆಯಲ್ಲಿಯೋ ಒಂದು ಗಂಟು ಕೈಗೆ ತಗಲುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದು ಅಡಕೆಯಷ್ಟಾಗುತ್ತದೆ. ಮತ್ತೂ ಕೆಲವು ವಾರಗಳಲ್ಲಿ ನಿಂಬೆಯ ಹಣ್ಣಿನಷ್ಟಾದರೂ ಆಗಬಹುದು. ಮಕ್ಕಳು ಅಳುತ್ತಾರೆ. ಹಿರಿಯರಲ್ಲಿ ಕೆಲವರು, “ಇಲಿಗೇನು ವೈದ್ಯ? ಊರ ಹೊರಗೆ ಬಿಟ್ಟು ಬನ್ನಿ” ಎನ್ನುತ್ತಾರೆ. ಇಂತಹ ಸಮಯದಲ್ಲಿ ಗೃಹಸ್ಥನ ಧರ್ಮವೇನು, ಅವನು ಮಾಡತಕ್ಕ ಕೆಲಸವೇನು ಎಂಬುದೇ ಈ ಪಾಠದ ವಿಷಯ.

ಆಶ್ರಿತ ಜೀವ

ಮೊದಲು ಒಂದು ಆಕ್ಷೇಪವನ್ನು ವಿಚಾರಿಸೋಣ. ಇಲಿಯು ರೈತನಿಗೆ ಶತ್ರುವಲ್ಲವೆ? ಸಿರುಗುಪ್ಪದ ಕಡೆಯ ಗದ್ದೆಗಳಲ್ಲಿ ಭತ್ತದ ತೆನೆಯನ್ನು ಕತ್ತರಿಸುವುದು, ಕಣಜವನ್ನು ತೂತುಮಾಡುವುದು ಇಲಿಯೇ. 1898ರಲ್ಲಿ ಬೆಂಗಳೂರು, ಹುಬ್ಬಳ್ಳಿ ಮೊದಲಾದ ಊರುಗಳನ್ನು ನಡುಗಿಸಿದ ಪ್ಲೇಗು ಇಲಿಯ ಮೈಮೇಲಿನ ಚಿಗಟಗಳಿಂದಲೇ ಹರಡಿತು. ಆ ಭಯ ನಮ್ಮ ಅಜ್ಜ ಅಜ್ಜಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಹೀಗಿರುವಲ್ಲಿ ಇಲಿಗೆ ಶುಶ್ರೂಷೆಯೆಂದರೆ ನಗುವವರನ್ನು ತಪ್ಪೆನ್ನಲಾಗದು.

ಆದರೆ ವಿಚಾರಮಾಡಿ ನೋಡಿದರೆ ಇಲ್ಲಿ ವಿರೋಧವಿಲ್ಲ. ಬೆಳೆಯನ್ನೂ ಮನೆಯ ಆರೋಗ್ಯವನ್ನೂ ಕಾಪಾಡಿಕೊಳ್ಳುವುದು ಒಂದು ಕರ್ತವ್ಯ. ನಾವೇ ಇಚ್ಛೆಪಟ್ಟು ತಂದು, ಕಾಡಿನಲ್ಲಿ ಬದುಕುವ ದಾರಿಯನ್ನೇ ಅರಿಯದಂತೆ ಪಂಜರದಲ್ಲಿ ಬೆಳೆಸಿದ ಪ್ರಾಣಿಯನ್ನು ನೋಡಿಕೊಳ್ಳುವುದು ಇನ್ನೊಂದು ಕರ್ತವ್ಯ. ಮನೆಗೆ ತಂದ ದಿನವೇ ಅದು ನಮ್ಮ ಆಶ್ರಿತವಾಯಿತು. ಪಂಜರದ ಬಾಗಿಲಿನ ಚಿಲಕ ನಮ್ಮ ಕೈಯಲ್ಲಿರುವವರೆಗೆ ಅದರ ಹಸಿವಿಗೂ ನೋವಿಗೂ ನಾವೇ ಹೊಣೆ. ಬಿಳಿ ಇಲಿಯನ್ನು ಹೊಲಕ್ಕೆ ಬಿಟ್ಟರೆ ಅದಕ್ಕೆ ಆಹಾರ ಹುಡುಕಲು ತಿಳಿಯದು, ಬಿಲ ದೊರೆಯದು. ಹದ್ದಿಗೋ ಬೆಕ್ಕಿಗೋ ತುತ್ತಾಗುವುದು, ಇಲ್ಲವೆ ಬಾಯಾರಿ ಸಾಯುವುದು. ಬಿಟ್ಟು ಬರುವುದೆಂದರೆ ನಮ್ಮ ಕಣ್ಣಿಗೆ ಮರೆಯಾಗಿ ಸಾಯಲೆಂಬುದಷ್ಟೇ ಅದರ ಅರ್ಥ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮವು ಮನುಷ್ಯನನ್ನುಳಿದು ಸಕಲ ಜೀವಿಗಳನ್ನೂ ‘ಪ್ರಾಣಿ’ ಎಂದು ಕರೆದಿದೆ. ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಕ್ಷೇಮವನ್ನು ನೋಡತಕ್ಕದ್ದು, ಅನಾವಶ್ಯಕವಾದ ನೋವು ಅದಕ್ಕೆ ಉಂಟಾಗದಂತೆ ತಡೆಯತಕ್ಕದ್ದು ಎಂಬುದು ಅದರ 3ನೆಯ ಪ್ರಕರಣದ ಸಾರ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ನಿಷ್ಕಾರಣವಾಗಿ ತೊರೆದುಬಿಡುವುದು 11ನೆಯ ಪ್ರಕರಣದಂತೆ ಅಪರಾಧ. ಇಲ್ಲಿ ಆನೆ, ಇಲಿಯೆಂಬ ಭೇದವಿಲ್ಲ.

ಕಾನೂನಿಗೆ ಎಂಟು ನೂರು ವರ್ಷ ಮೊದಲೇ ಶರಣರು ಈ ಮಾತನ್ನು ಬಾಳಿ ತೋರಿಸಿದರು. ಧರ್ಮಕ್ಕೆ ದಯೆಯೇ ಬೇರು, ಅದು ಸಕಲ ಪ್ರಾಣಿಗಳಿಗೂ ಸಲ್ಲಬೇಕು ಎಂಬುದು ಬಸವಣ್ಣನವರ ಬೋಧೆ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಒರಲುವ ಕರುಗಳನ್ನು ಕಂಡು ಅವನ್ನೂ ಕಳ್ಳರ ಬಳಿಗೆ ಕಳುಹಿಸಿಕೊಟ್ಟರೆಂಬ ಕಥೆಯನ್ನು ಭಕ್ತರು ಕೇಳಿಯೇ ಇರುವರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತಮಗಾದ ನಷ್ಟದ ಎಣಿಕೆ ಬಸವಣ್ಣನವರ ಮನಸ್ಸಿಗೆ ಮೊದಲು ಬರಲಿಲ್ಲ. ಕರುವಿನ ಹಸಿವು ಮೊದಲು ಬಂದಿತು. ಅನುಭವ ಮಂಟಪದ ಕಾಲದ ಶರಣರಲ್ಲಿ ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನವರೂ ಇದ್ದರು, ಚಿಕಿತ್ಸೆಯ ಕಾಯಕದ ವೈದ್ಯ ಸಂಗಣ್ಣನವರೂ ಇದ್ದರು. ಜೀವವನ್ನು ಕಾಯುವುದೂ ರೋಗವನ್ನು ಅರಿತು ಮದ್ದು ಕೊಡುವುದೂ ಅಲ್ಲಿ ಲಿಂಗಪೂಜೆಗೆ ಸಮನಾದ ಕಾಯಕಗಳೆನಿಸಿದುವು. ಆದುದರಿಂದ ದಯೆಯೆಂದರೆ ‘ಅಯ್ಯೋ ಪಾಪ’ ಎಂದು ನಿಟ್ಟುಸಿರಿಡುವುದರಲ್ಲಿ ಮುಗಿಯತಕ್ಕುದಲ್ಲ. ನೋವು ಯಾವುದೆಂದು ತಿಳಿಯಬೇಕು, ತಿಳಿದ ಮೇಲೆ ಕೈಯಾಡಿಸಬೇಕು.

ಇಷ್ಟು ಸಣ್ಣ ಪ್ರಾಣಿಗೆ ಅಷ್ಟೊಂದು ಅರಿವು ಇದೆಯೇ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳಬಹುದು. 2011ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಕ್ಕಟ್ಟಾದ ಕೊಳವೆಯಲ್ಲಿ ಸಿಕ್ಕಿಕೊಂಡ ಜೊತೆಗಾರ ಇಲಿಯನ್ನು ಕಂಡು, ಹೊರಗಿದ್ದ ಇಲಿಯು ಬಾಗಿಲು ತೆಗೆಯುವುದನ್ನು ತಾನಾಗಿ ಕಲಿತು ಅದನ್ನು ಬಿಡಿಸಿತು. ಪಕ್ಕದಲ್ಲಿ ಸಿಹಿ ತಿಂಡಿಯನ್ನಿಟ್ಟಿದ್ದಾಗಲೂ ಬಹುಪಾಲು ಇಲಿಗಳು ಜೊತೆಗಾರನನ್ನು ಬಿಡಿಸಿ, ತಿಂಡಿಯನ್ನು ಹಂಚಿಕೊಂಡುವು. ಸೆರೆಯಲ್ಲಿರುವವನ ಸಂಕಟವನ್ನು ಇಲಿ ಗುರುತಿಸುವುದಾದರೆ, ಇಲಿಯ ಸಂಕಟವನ್ನು ನಾವು ಗುರುತಿಸುವುದು ಕಷ್ಟವಾಗಬಾರದು.

ಗಡ್ಡೆಯ ಸ್ವರೂಪ

ಸಾಕಿದ ಇಲಿಯ ಆಯುಸ್ಸು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಒಂದೂವರೆ ವರ್ಷ ದಾಟಿತೆಂದರೆ ಅದು ಮುಪ್ಪಿನ ಹೊಸ್ತಿಲಲ್ಲಿದೆ. ಆ ವಯಸ್ಸಿನ ಹೆಣ್ಣಿಲಿಗಳಲ್ಲಿ ಮೊಲೆಯ ಗ್ರಂಥಿಗಳ ಗಡ್ಡೆ ಬಹಳ ಸಾಮಾನ್ಯ. ಇಲಿಗೆ ಹನ್ನೆರಡು ಮೊಲೆಗಳು. ಆ ಗ್ರಂಥಿಗಳ ಅಂಗಾಂಶವು ಕತ್ತಿನ ಬಳಿಯಿಂದ ತೊಡೆಯ ಸಂದಿನವರೆಗೂ ಹರಡಿರುತ್ತದೆ. ಆದುದರಿಂದ ಗಂಟು ಭುಜದ ಮೇಲೆದ್ದರೂ ಪಕ್ಕೆಯಲ್ಲೆದ್ದರೂ ಬಾಲದ ಸಮೀಪದಲ್ಲೆದ್ದರೂ ಅದು ಮೊಲೆಯ ಗಡ್ಡೆಯೇ ಆಗಿರಬಹುದು.

ಸಮಾಧಾನದ ಮಾತೊಂದುಂಟು. ಹೆಣ್ಣಿಲಿಗಳ ಇಂತಹ ಗಡ್ಡೆಗಳಲ್ಲಿ ಹೆಚ್ಚಿನವು ಫೈಬ್ರೊಅಡಿನೋಮ ಎಂಬ ಸಾಧು ಜಾತಿಯವು. ಅವು ಚರ್ಮದ ಕೆಳಗೆ ಅತ್ತಿತ್ತ ಸರಿಯುತ್ತವೆ, ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ಸಾಧುವೆಂದು ಉದಾಸೀನ ಮಾಡಕೂಡದು. ಅವು ಬೇಗ ಬೆಳೆದು, ಕೊನೆಗೆ ನಡಿಗೆಗೇ ಅಡ್ಡಿಯಾಗುತ್ತವೆ. ಹೊರೆಯನ್ನು ಹೊತ್ತ ಇಲಿಯು ಮೈ ನೆಕ್ಕಿ ಶುಚಿಮಾಡಿಕೊಳ್ಳಲಾರದು. ಗಡ್ಡೆಯ ಮೇಲಿನ ಚರ್ಮ ಹಿಗ್ಗಿ, ನೆಲಕ್ಕೆ ಉಜ್ಜಿ, ಹುಣ್ಣಾಗುತ್ತದೆ. ಗಟ್ಟಿಯಾಗಿ ಒಳಕ್ಕೆ ಅಂಟಿಕೊಂಡ, ಅಂಚು ತಿಳಿಯದ ಗಂಟಾದರೆ ಅದು ದುಷ್ಟ ಜಾತಿಯದಿರಬಹುದು. ಗಂಡಿಲಿಗಳಿಗೂ ಅಪರೂಪವಾಗಿ ಗಡ್ಡೆ ಬರುವುದುಂಟು. ಕೆಲವು ಸಲ ಗಡ್ಡೆಯಂತೆ ಕಾಣುವುದು ಬರಿಯ ಕೀವುಗಟ್ಟಿದ ಬಾವಾಗಿರುತ್ತದೆ. ಇವನ್ನೆಲ್ಲ ನಿರ್ಣಯಿಸತಕ್ಕವರು ಪಶುವೈದ್ಯರು. ಮನೆಯಲ್ಲಿ ಸೂಜಿಯಿಂದ ಚುಚ್ಚಿ ನೋಡುವುದು, ದಾರ ಬಿಗಿದು ಕಟ್ಟುವುದು, ಸುಣ್ಣವನ್ನೋ ಸುಡುವ ಮದ್ದನ್ನೋ ಹಚ್ಚುವುದು ಕ್ರೌರ್ಯವೇ ಹೊರತು ಚಿಕಿತ್ಸೆಯಲ್ಲ.

ಕಣ್ಣಿಗೆ ಕಾಣದ ಗಡ್ಡೆಯೂ ಒಂದುಂಟು. ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಮುದಿ ಇಲಿಗಳಿಗೆ ಗಡ್ಡೆ ಬೆಳೆಯುತ್ತದೆ. ಆಗ ಇಲಿಯು ಕಾಳನ್ನು ಮುಂಗೈಗಳಲ್ಲಿ ಹಿಡಿದು ತಿನ್ನಲಾರದಾಗುತ್ತದೆ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ, ಮಂಕಾಗಿ ಒಂದೇ ಕಡೆ ಕುಳಿತಿರುತ್ತದೆ. ವಯಸ್ಸಿನಿಂದ ಹಿಂಗಾಲುಗಳು ಸೋಲುವುದೂ ಉಂಟು. ಕಣ್ಣು ಮೂಗುಗಳ ಸುತ್ತ ಕೆಂಪು ಕಲೆ ಕಂಡರೆ ಅದು ರಕ್ತವೆಂದು ಹೆದರಬೇಕಾಗಿಲ್ಲ; ಪಾರ್ಫಿರಿನ್ ಎಂಬ ಬಣ್ಣದ ಸ್ರಾವವದು. ಆದರೆ ಅದು ಹೆಚ್ಚಿತೆಂದರೆ ಇಲಿಗೆ ರೋಗವೋ ಸಂಕಟವೋ ಇದೆಯೆಂದು ತಿಳಿಯಬೇಕು.

ಶಸ್ತ್ರಚಿಕಿತ್ಸೆಯ ವಿಚಾರ

ಗಡ್ಡೆಯು ಚಿಕ್ಕದಾಗಿದ್ದು, ಇಲಿಯು ಚುರುಕಾಗಿದ್ದು, ಉಸಿರಾಟ ಸರಿಯಾಗಿದ್ದರೆ, ಅದನ್ನು ಕತ್ತರಿಸಿ ತೆಗೆಸುವುದು ಒಳ್ಳೆಯ ಮಾರ್ಗ. ದೊಡ್ಡದಾಗಲೆಂದು ಕಾದರೆ ಗಾಯವೂ ದೊಡ್ಡದು, ರಕ್ತನಷ್ಟವೂ ಹೆಚ್ಚು. ಎಲ್ಲ ಪಶುವೈದ್ಯರಿಗೂ ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಟ್ಟ ಅಭ್ಯಾಸವಿರುವುದಿಲ್ಲ. ಆದುದರಿಂದ ಮೊದಲೇ ವಿನಯದಿಂದ ವಿಚಾರಿಸಿಕೊಳ್ಳಬೇಕು. ಊರಿನ ವೈದ್ಯರು ಬಯಸಿದರೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ತಜ್ಞರ ಸಲಹೆಯನ್ನು ಕೇಳಬಹುದು.

ನೆನಪಿಡತಕ್ಕ ಸಂಗತಿಗಳು ಮೂರು. ಒಂದು: ನಾಯಿಗೆ ಮಾಡುವಂತೆ ಇಲಿಯನ್ನು ಹಿಂದಿನ ರಾತ್ರಿಯೆಲ್ಲ ಉಪವಾಸ ಕೆಡವಕೂಡದು. ಇಲಿಗೆ ವಾಂತಿಮಾಡುವ ಶಕ್ತಿಯೇ ಇಲ್ಲ. ಬಹಳ ಹೊತ್ತು ಹಸಿದರೆ ಸೊರಗಿಹೋಗುತ್ತದೆ. ಎರಡು: ಅರಿವಳಿಕೆಯಲ್ಲಿ ಅದರ ಪುಟ್ಟ ಮೈ ಬೇಗ ತಣ್ಣಗಾಗುತ್ತದೆ, ಎಚ್ಚರವಾಗುವವರೆಗೆ ಬೆಚ್ಚಗಿಡಬೇಕು. ಮೂರು: ಒಂದು ಗಡ್ಡೆ ಹೋದ ಮೇಲೆ ಬೇರೊಂದು ಗ್ರಂಥಿಯಲ್ಲಿ ಹೊಸ ಗಡ್ಡೆ ಏಳಬಹುದು. ಇದನ್ನು ಮನೆಯವರು, ಮುಖ್ಯವಾಗಿ ಮಕ್ಕಳು, ಮೊದಲೇ ತಿಳಿದಿರಬೇಕು. ಎಳೆಯ ವಯಸ್ಸಿನಲ್ಲಿಯೇ ಅಂಡಾಶಯವನ್ನು ತೆಗೆಸಿದ ಹೆಣ್ಣಿಲಿಗೆ ಮೊಲೆಯ ಗಡ್ಡೆ ಬರುವ ಸಂಭವ ಬಹಳ ಕಡಿಮೆ. ಮಿತವಾದ ಆಹಾರದ ಮಹಿಮೆಯೂ ಇಲಿಗಳಲ್ಲಿಯೇ ಮೊದಲು ಸ್ಪಷ್ಟವಾಗಿ ಕಂಡುಬಂದಿತು: 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮೆಕೇ ಎಂಬುವರು, ಪೋಷಕಾಂಶಗಳಿಗೆ ಕೊರತೆಯಾಗದಂತೆ ಆಹಾರವನ್ನು ತಗ್ಗಿಸಿದರೆ ಇಲಿಗಳ ಆಯುಸ್ಸು ಹೆಚ್ಚುವುದೆಂದು ತೋರಿಸಿದರು. ಪ್ರೀತಿಯ ಹೆಸರಿನಲ್ಲಿ ಕರಿದ ತಿಂಡಿಯನ್ನೂ ಸಿಹಿಯನ್ನೂ ತುರುಕುವುದು ಆ ಜೀವಕ್ಕೆ ಹಿತವಲ್ಲ.

ಇಲಿಯು ತೀರ ಮುದಿಯಾಗಿದ್ದರೆ, ಉಬ್ಬಸ ಪಡುತ್ತಿದ್ದರೆ, ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಶುಶ್ರೂಷೆಯಲ್ಲಿಯೇ ನಿಲ್ಲುವುದು ವಿವೇಕ. ಕೈಯಲ್ಲಿ ಹಣವಿಲ್ಲದವರೂ ಸಂಕೋಚಪಡಬೇಕಾಗಿಲ್ಲ. ಸಾಲಮಾಡಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ. ನೋವನ್ನು ತಗ್ಗಿಸುವುದು ಮಾತ್ರ ಎಲ್ಲರಿಂದಲೂ ಸಾಧ್ಯ.

ಮನೆಯಲ್ಲಿ ಮಾಡತಕ್ಕ ಶುಶ್ರೂಷೆ

ಪಂಜರದಲ್ಲಿ ಮೇಲಂತಸ್ತುಗಳಿದ್ದರೆ ತೆಗೆದುಹಾಕಿ, ಎಲ್ಲವನ್ನೂ ನೆಲದ ಮಟ್ಟದಲ್ಲಿಯೇ ಇಡಬೇಕು. ತಂತಿಯ ತಳ ಬೇಡ. ಹಳೆಯ ಮೆತ್ತನೆಯ ಹತ್ತಿಬಟ್ಟೆಯನ್ನು ಹಾಸಿ ದಿನವೂ ಬದಲಿಸಬೇಕು. ನೀರಿನ ಸೀಸೆಯನ್ನು ಇಲಿಯು ಕುಳಿತಲ್ಲಿಯೇ ಬಾಯಿಗೆ ಎಟಕುವಂತೆ ತಗ್ಗಿಸಬೇಕು. ಕಾಳು ಕಡಿಯಲಾರದ ಇಲಿಗೆ ಉಪ್ಪು ಖಾರಗಳಿಲ್ಲದ ಮೆತ್ತನೆಯ ಅನ್ನ, ಬೇಯಿಸಿದ ಬೇಳೆ, ಜೋಳದ ಗಂಜಿ, ಕುಂಬಳದ ಹೋಳುಗಳನ್ನು ಕೊಡಬಹುದು. ಹಿಂಗಾಲು ಸೋತ ಇಲಿಯ ಹಿಂಭಾಗವು ಮೂತ್ರದಿಂದ ನೆನೆದು ಹುಣ್ಣಾಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು.

ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಬಹಳ ಉಪಯುಕ್ತ. ಆದರೆ ಇಲ್ಲೊಂದು ಮೋಸವಿದೆ. ಗಡ್ಡೆ ಬೆಳೆದಂತೆ ಅದರ ಭಾರವೂ ತೂಕಕ್ಕೆ ಸೇರುತ್ತದೆ. ಮೈ ಕರಗುತ್ತಿದ್ದರೂ ತಕ್ಕಡಿಯ ಮುಳ್ಳು ಅಲ್ಲಿಯೇ ನಿಂತಿರುತ್ತದೆ. ಆದುದರಿಂದ ತೂಗಿದ ಮೇಲೆ ಬೆನ್ನೆಲುಬನ್ನೂ ಸೊಂಟದ ಎಲುಬನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಅವು ಚೂಪಾಗಿ ಕೈಗೆ ತಗಲಿದರೆ ಇಲಿಯು ಸೊರಗುತ್ತಿದೆಯೆಂದೇ ಅರ್ಥ.

ನಮ್ಮ ಸೀಮೆಯ ಬೇಸಗೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಚೈತ್ರ ವೈಶಾಖಗಳಲ್ಲಿ ಬಳ್ಳಾರಿಯ ಸುತ್ತ ಉಷ್ಣವು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಶಕ್ತಿ ಇಲಿಗಿಲ್ಲ. ಹೆಚ್ಚಾಗಿ ಬಾಲದ ಮೂಲಕವೇ ಅದು ಮೈಯ ಕಾವನ್ನು ಹೊರಹಾಕುತ್ತದೆ. ರೋಗಿಯಾದ ಇಲಿ ಆ ಸೆಕೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಸತ್ತುಹೋಗಬಹುದು. ಪಂಜರವನ್ನು ತಗಡಿನ ಮಾಡಿನ ಕೆಳಗಿಡದೆ ಒಳಮನೆಯ ಕಲ್ಲಿನ ನೆಲದ ಮೇಲಿಡಬೇಕು. ಪಕ್ಕದಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯಿರಲಿ, ಗಾಳಿಯಾಡಲಿ.

ನೋವಿನ ಮದ್ದನ್ನು ಪಶುವೈದ್ಯರ ಅಳತೆಯಂತೆಯೇ ಕೊಡತಕ್ಕದ್ದು. ಮೆಲಾಕ್ಸಿಕ್ಯಾಮ್ ಮೊದಲಾದ ಔಷಧಿಗಳನ್ನು ಅವರು ಇಲಿಯ ತೂಕ ನೋಡಿ ಹನಿಗಳಲ್ಲಿ ಗೊತ್ತುಮಾಡುತ್ತಾರೆ. ಮನುಷ್ಯರ ಮಾತ್ರೆಯನ್ನು ಅಂದಾಜಿನಿಂದ ಮುರಿದು ಕೊಡುವುದು ವಿಷವಿಕ್ಕಿದಂತೆ. ಇಲಿಯು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಜೊತೆಗಾರ ಇಲಿ ಇದ್ದರೆ, ರೋಗವಿದೆಯೆಂದು ಅಗಲಿಸಬಾರದು. ಗಡ್ಡೆ ಅಂಟುರೋಗವಲ್ಲ. ಆದರೆ ಇಲಿಯನ್ನು ಮುಟ್ಟಿದವರು ಸಾಬೂನಿನಿಂದ ಕೈತೊಳೆಯುವುದು, ಹೊರಗಿನ ಇಲಿಗಳು ಪಂಜರದ ಬಳಿ ಸುಳಿಯದಂತೆ ನೋಡುವುದು ಅವಶ್ಯ.

ಕೊನೆಯ ದಿನಗಳು

ಎಷ್ಟು ನೋಡಿಕೊಂಡರೂ ಒಂದು ದಿನ ಬರುತ್ತದೆ. ಇಷ್ಟವಾದ ತಿಂಡಿಯನ್ನಿಟ್ಟರೂ ಇಲಿಯು ಮೂಸುವುದಿಲ್ಲ. ಬೆನ್ನು ಗೂನಾಗಿ, ರೋಮ ಕೆದರಿ, ಉಸಿರೆಳೆಯಲು ಶ್ರಮಪಡುತ್ತದೆ. ಮದ್ದು ಕೊಟ್ಟರೂ ನೋವು ತಗ್ಗಿದಂತೆ ಕಾಣುವುದಿಲ್ಲ. ಆಗ ಪಶುವೈದ್ಯರು, ಮೊದಲು ಅರಿವಳಿಕೆ ಕೊಟ್ಟು ಆ ಮೇಲೆ ಸುಖವಾದ ಮರಣವನ್ನು ಕೊಡುವ ವಿಧಾನವನ್ನು ಸೂಚಿಸಬಹುದು. ಈ ವಿಷಯದಲ್ಲಿ ಸದ್ಭಕ್ತರಲ್ಲಿಯೇ ಎರಡು ಅಭಿಪ್ರಾಯಗಳುಂಟು. ಕೊಟ್ಟವನೇ ಕೊಂಡೊಯ್ಯಲಿ, ನಾವು ಕೈಹಾಕಬಾರದು ಎನ್ನುವವರಿದ್ದಾರೆ. ನೀಗದ ನೋವಿನಲ್ಲಿ ನರಳಿಸುವುದು ದಯೆಯಲ್ಲವೆನ್ನುವವರೂ ಇದ್ದಾರೆ. ಎರಡೂ ಕಡೆಯವರು ಒಪ್ಪತಕ್ಕ ಅಳತೆಗೋಲೊಂದಿದೆ: ಆ ಜೀವದ ನೋವು ಎಷ್ಟು ಎಂಬುದು. ನಮಗೆ ಅಗಲಿಕೆ ಸಹಿಸದೆಂದು ದಿನಗಳನ್ನು ಲಂಬಿಸುವುದೂ, ಆರೈಕೆ ಬೇಸರವಾಯಿತೆಂದು ದಿನಗಳನ್ನು ಮೊಟಕು ಮಾಡುವುದೂ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ನಾವು ನಮ್ಮ ಸುಖವನ್ನೇ ಅಳೆದುಕೊಂಡಂತಾಯಿತು.

ಮರಣವನ್ನು ಬೇಡವೆನ್ನುವ ಮನೆಯವರ ಹೊಣೆ ಇನ್ನೂ ಹೆಚ್ಚಿನದು. ಅವರು ವೈದ್ಯರಿಂದ ಬಲವಾದ ನೋವಿನ ಮದ್ದನ್ನು ಪಡೆದು, ಹಗಲಿರುಳು ಹತ್ತಿರವಿದ್ದು, ತುಟಿಗೆ ನೀರು ಮುಟ್ಟಿಸುತ್ತಿರಬೇಕು. ಕೈಹಾಕಬಾರದೆಂಬ ಮಾತು ಕೈಕಟ್ಟಿ ಕೂರುವುದಕ್ಕೆ ನೆಪವಾಗಕೂಡದು.

ಮಕ್ಕಳು ಕಲಿಯುವ ಪಾಠ

ಇಲಿಯ ಬಾಳು ಚಿಕ್ಕದು. ಆದರೆ ಮನೆಯ ಮಗುವು ಹುಟ್ಟು, ಮುಪ್ಪು, ರೋಗ, ಮರಣ ನಾಲ್ಕನ್ನೂ ಎರಡು ಮೂರು ವರ್ಷಗಳಲ್ಲಿ ಅಲ್ಲಿಯೇ ಕಾಣುತ್ತದೆ. ರೋಗ ಬಂದ ಇಲಿಯನ್ನು ಹಿರಿಯರು ರಾತ್ರೋರಾತ್ರಿ ಎಸೆದುಬಂದು ‘ಓಡಿಹೋಯಿತು’ ಎಂದರೆ, ಕೆಲಸಕ್ಕೆ ಬಾರದ ಜೀವವನ್ನು ಹೊರಹಾಕಬಹುದೆಂಬುದನ್ನು ಮಗು ಇಂದಲ್ಲ ನಾಳೆ ಕಲಿಯುತ್ತದೆ. ಅದೇ ಮಗು ಬೆಳೆದು ದೊಡ್ಡದಾದಾಗ, ಆ ಮನೆಯಲ್ಲಿ ಮುಪ್ಪಿನವರು ಇದ್ದೇ ಇರುತ್ತಾರೆ. ಹಾಗಲ್ಲದೆ ಮಗುವಿಗೆ ನಿಜವನ್ನು ಹೇಳಿ, ನೀರಿಡುವ ಬಟ್ಟೆ ಬದಲಿಸುವ ಕೆಲಸದಲ್ಲಿ ಪಾಲು ಕೊಟ್ಟು, ಕೊನೆಗೆ ಬಾವಿಯಿಂದ ದೂರವಾದ ಜಾಗದಲ್ಲಿ, ನಾಯಿ ಅಗೆಯದಷ್ಟು ಆಳವಾಗಿ ತೋಡಿದ ಕುಳಿಯಲ್ಲಿ ಅದನ್ನು ಮಣ್ಣುಮಾಡಲು ಕರೆದೊಯ್ದರೆ, ದಯೆಯೆಂದರೇನೆಂದು ಬೇರೆ ಬೋಧಿಸಬೇಕಾಗಿಲ್ಲ.

ಇನ್ನು ಮುಂದೆ ಪ್ರಾಣಿಯನ್ನು ಮನೆಗೆ ತರಬೇಕೆನ್ನುವವರು ಅದರ ಎಳೆತನವನ್ನಷ್ಟೇ ನೋಡಿ ಒಪ್ಪಿಕೊಳ್ಳಬಾರದು. ಅದರ ಆಯುಸ್ಸೆಷ್ಟು, ಮುಪ್ಪಿನಲ್ಲಿ ಅದಕ್ಕೆ ಬರತಕ್ಕ ರೋಗಗಳಾವುವು, ನೋಡುವ ವೈದ್ಯರು ಎಲ್ಲಿದ್ದಾರೆ ಎಂಬ ಮೂರನ್ನು ವಿಚಾರಿಸಿ, ಅದರ ಕೊನೆಯ ದಿನದವರೆಗೂ ನಡೆಸಿಕೊಡಬಲ್ಲೆವೆಂದು ಮನೆಯವರೆಲ್ಲ ಒಪ್ಪಿದ ಮೇಲೆಯೇ ಪಂಜರವನ್ನು ತರಲಿ. ಈಗಾಗಲೇ ತಂದಿರುವವರು ಈ ಸಂಜೆಯೇ ಅದರ ಮೈಯನ್ನು ಮೆಲ್ಲನೆ ತಡವಿ, ಕಂಕುಳು ಪಕ್ಕೆ ತೊಡೆಸಂದುಗಳನ್ನು ಬೆರಳಿನಿಂದ ಪರೀಕ್ಷಿಸಿ ನೋಡಲಿ. ಗಂಟು ಹುರುಳಿಕಾಳಿನಷ್ಟಿರುವಾಗ ಕಂಡವರಿಗೆ ಮಾಡಲು ಬೇಕಾದಷ್ಟು ಉಪಾಯಗಳುಂಟು.